ಲಿಟಲ್ ರಿಚರ್ಡ್: ಹಿಟ್ ಕೊಟ್ಟಿದ್ದು ಎರಡು ವರ್ಷ, ಹೆಸರು ಉಳಿದಿದ್ದು ಅರವತ್ತು ವರ್ಷ. ಹೇಗೆ?

ಹಳೇ ರೇಡಿಯೋ:
ಎಲ್ಲರಿಗೂ ನಮಸ್ಕಾರ. ರಾಕ್ ಅಂಡ್ ರೋಲ್ ಶುರುವಾದ ಕಾಲದ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಎಲ್ವಿಸ್ ಪ್ರೆಸ್ಲಿ, ಚಕ್ ಬೆರಿ ಇಬ್ಬರಲ್ಲೇ ಮುಗಿಯುತ್ತದೆ. ಈ ಸಲ ಅಮೆರಿಕದ ಕರಿಯ ಹಾಡುಗಾರ, ಪಿಯಾನೋ ವಾದಕ ಲಿಟಲ್ ರಿಚರ್ಡ್ ಬಗ್ಗೆ ಮಾತಾಡೋಣ. ನನಗೆ ಒಂದು ಲೆಕ್ಕ ಅರ್ಥವಾಗುತ್ತಿಲ್ಲ.

ಅವರ ಮೊದಲ ದೊಡ್ಡ ಹಿಟ್ ಟೂಟಿ ಫ್ರೂಟಿ. ರೆಕಾರ್ಡ್ ಆಗಿದ್ದು 1955ರ ಸೆಪ್ಟೆಂಬರ್‌ನಲ್ಲಿ. 1957ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ಪ್ರವಾಸದ ನಡುವೆಯೇ ಈ ಸಂಗೀತ ಬಿಟ್ಟು ದೇವರ ಕೆಲಸಕ್ಕೆ ಹೋಗುತ್ತೇನೆ ಅಂದುಬಿಟ್ಟರು. ಅಲ್ಲಿಗೆ ಎರಡು ವರ್ಷದ ಮೇಲೆ ಸ್ವಲ್ಪ. 1958ರಲ್ಲಿ ಬಂದ ಗುಡ್ ಗಾಲಿ ಮಿಸ್ ಮಾಲಿ ಕೂಡ ಮೊದಲೇ ರೆಕಾರ್ಡ್ ಮಾಡಿ ಇಟ್ಟಿದ್ದ ಹಾಡು. ಅಮೆರಿಕದ ಜನಪ್ರಿಯ ಹಾಡುಗಳ ಪಾಪ್ ಪಟ್ಟಿಯಲ್ಲಿ ಅವರು ಒಂದು ಸಲವೂ ಮೊದಲ ಸ್ಥಾನಕ್ಕೆ ಹೋಗಲಿಲ್ಲ. ಲಾಂಗ್ ಟಾಲ್ ಸ್ಯಾಲಿ ಆರನೇ ಸ್ಥಾನಕ್ಕೆ ಹೋಗಿದ್ದೇ ಹೆಚ್ಚು.

ಆದರೂ 1986ರಲ್ಲಿ ರಾಕ್ ಸಾಧಕರ ಗೌರವ ಪಟ್ಟಿಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಮೊದಲ ತಂಡವನ್ನು ಆರಿಸಿದಾಗ ಇವರ ಹೆಸರಿತ್ತು. ಇಷ್ಟು ಚಿಕ್ಕ ಅವಧಿಗೆ ಇಷ್ಟು ದೊಡ್ಡ ಜಾಗ ಯಾಕೆ? ಹಾಡಿನ ಬಲವಾ, ವೇಷದ ಬಲವಾ, ಅಥವಾ ಬಿಟ್ಟುಹೋದ ಕಥೆಯ ಬಲವಾ?

ಚುರುಮುರಿ:
ಕೂಗಿನ ಬಲ ಸರ್. ಮಧ್ಯದಲ್ಲಿ "ವೂ" ಅಂತಾನಲ್ಲ, ಅದೊಂದು ಸಾಕು. ಪಾಲ್ ಮೆಕಾರ್ಟ್ನಿ ಅದನ್ನೇ ಕಲಿತು ಬೀಟಲ್ಸ್‌ಗೆ ತಂದ.

ತಾಳವಾದಿ:
ಚುರುಮುರಿ ತಮಾಷೆಗೆ ಹೇಳಿದ್ದರೂ ನಿಜ. ಆದರೆ ಆ ಕೂಗು ರಿಚರ್ಡ್ ಅವರ ಸ್ವಂತ ಆಸ್ತಿ ಏನಲ್ಲ. ಗಾಸ್ಪೆಲ್, ಅಂದರೆ ಚರ್ಚ್ ಹಾಡುಗಳ ಹಾಡುಗಾರ್ತಿ ಮೇರಿಯನ್ ವಿಲಿಯಮ್ಸ್ ಅವರಿಂದ ತೆಗೆದುಕೊಂಡಿದ್ದು ಅಂತ ಅವರೇ ಹೇಳುತ್ತಿದ್ದರು. ಅಂದರೆ ಚರ್ಚ್‌ನ ಕೂಗು ನೈಟ್‌ಕ್ಲಬ್‌ಗೆ ಬಂತು, ಅಲ್ಲಿಂದ ಬೀಟಲ್ಸ್ ಊರು ಲಿವರ್‌ಪೂಲ್‌ಗೆ ಹೋಯಿತು.

ನಾನು ಡ್ರಮ್ಸ್ ಬಾರಿಸುವವನು, ಹಾಗಾಗಿ ನನ್ನ ಉತ್ತರ ಬಲಗೈಯಿಂದ ಶುರುವಾಗುತ್ತದೆ. ಆ ಕಾಲದ ಕರಿಯರ ಕುಣಿತದ ಸಂಗೀತ ರಿದಮ್ ಅಂಡ್ ಬ್ಲೂಸ್‌ನಲ್ಲಿ ಡ್ರಮ್ಮರ್‌ಗಳು ಶಫಲ್ ಬಾರಿಸುತ್ತಿದ್ದರು. ಒಂದು ಪೆಟ್ಟು ಉದ್ದ, ಒಂದು ಗಿಡ್ಡ. ಕುದುರೆ ಸಣ್ಣಗೆ ಓಡಿದ ಹಾಗೆ ತೂಗಾಡುತ್ತಾ ಹೋಗುತ್ತದೆ. ರಿಚರ್ಡ್ ಪಿಯಾನೋ ಮೇಲೆ ಬಲಗೈಯಲ್ಲಿ ಕುಟ್ಟುತ್ತಿದ್ದಿದ್ದು ಹಾಗಲ್ಲ. ಒಂದು ಸುತ್ತಿನ ಎಂಟೂ ಪೆಟ್ಟು ಸಮ, ಒಂದರ ಹಿಂದೆ ಒಂದು. ನ್ಯೂ ಆರ್ಲಿಯನ್ಸ್ ಡ್ರಮ್ಮರ್ ಅರ್ಲ್ ಪಾಮರ್ ಆಮೇಲೆ ಹೇಳಿದ್ದು ಇದನ್ನೇ. ಆ ಬಲಗೈಗೆ ಹೊಂದಿಸಿಕೊಳ್ಳಲು ಹೋಗಿ ತಾನೂ ಶಫಲ್ ಬಿಟ್ಟು ಸಮ ಪೆಟ್ಟಿಗೆ ಬರಬೇಕಾಯಿತು ಅಂತ. ಟೂಟಿ ಫ್ರೂಟಿ ಕೇಳಿ, ಆಮೇಲೆ 1957ರ ಲುಸಿಲ್ ಕೇಳಿ. ಮೊದಲನೆಯದರಲ್ಲಿ ಡ್ರಮ್ಸ್ ಇನ್ನೂ ಸ್ವಲ್ಪ ತೂಗುತ್ತದೆ. ಎರಡನೆಯದರಲ್ಲಿ ಇಡೀ ತಂಡ ನೇರವಾಗಿ ಹೊಡೆಯುತ್ತದೆ. ಆಮೇಲೆ ಬಂದ ಹೆಚ್ಚುಕಡಿಮೆ ಎಲ್ಲ ರಾಕ್ ಬೀಟೂ ಈ ನೇರ ಪೆಟ್ಟಿನ ಮೇಲೆ ನಿಂತಿದೆ. ಹಿಟ್ ಪಟ್ಟಿಯಲ್ಲಿ ಎಷ್ಟು ವಾರ ಇದ್ದರು ಅನ್ನುವುದು ಇದರ ಮುಂದೆ ದೊಡ್ಡ ವಿಷಯ ಅನ್ನಿಸುವುದಿಲ್ಲ ನನಗೆ.

ಅವರ ಸ್ವಂತ ತಂಡ ಅಪ್‌ಸೆಟರ್ಸ್‌ನ ಡ್ರಮ್ಮರ್ ಚಾರ್ಲ್ಸ್ ಕಾನರ್ ಇನ್ನೊಂದು ಕಥೆ ಹೇಳುತ್ತಿದ್ದರು. ರಿಚರ್ಡ್ ತನ್ನನ್ನು ರೈಲ್ವೆ ಸ್ಟೇಷನ್‌ಗೆ ಕರೆದುಕೊಂಡು ಹೋಗಿ, ರೈಲಿನ ಸದ್ದು ಕೇಳಿಸಿ, ಇದನ್ನು ಡ್ರಮ್ಸ್‌ನಲ್ಲಿ ತೆಗಿ ಅಂದರಂತೆ.

ಹಳೇ ರೇಡಿಯೋ:
ಇದು ಒಳ್ಳೆ ಉತ್ತರ. ಟೂಟಿ ಫ್ರೂಟಿ ರೆಕಾರ್ಡಿಂಗ್ ಕಥೆ ಯಾರಾದರೂ ಪೂರ್ತಿ ಹೇಳುತ್ತೀರಾ? ಹದಿನೈದು ನಿಮಿಷದಲ್ಲಿ ಮುಗಿಯಿತು ಅಂತ ಕೇಳಿದ್ದೇನೆ.

ತಾಳವಾದಿ:
ಹೇಳುತ್ತೇನೆ, ನನಗೆ ಬಲು ಇಷ್ಟದ ಕಥೆ ಅದು.

ಅಷ್ಟೊತ್ತಿಗೆ ರಿಚರ್ಡ್ ಹೊಸಬರೇನಲ್ಲ. 1951ರಿಂದ ಆರ್‌ಸಿಎ ವಿಕ್ಟರ್‌ಗೆ, ಆಮೇಲೆ ಹ್ಯೂಸ್ಟನ್‌ನ ಪೀಕಾಕ್ ಕಂಪನಿಗೆ ಹಾಡಿದ್ದರು. ಯಾವುದೂ ದೊಡ್ಡದಾಗಿ ಓಡಲಿಲ್ಲ. ಹಾಡುಗಾರ ಲಾಯ್ಡ್ ಪ್ರೈಸ್ ಸಲಹೆ ಕೊಟ್ಟ ಮೇಲೆ ಲಾಸ್ ಏಂಜಲೀಸ್‌ನ ಸ್ಪೆಷಾಲಿಟಿ ರೆಕಾರ್ಡ್ಸ್‌ಗೆ ಒಂದು ಟೇಪ್ ಕಳಿಸಿದರು. ತಿಂಗಳುಗಟ್ಟಲೆ ಕಾದರು. ಕೊನೆಗೆ ಮಾಲೀಕ ಆರ್ಟ್ ರೂಪ್ ಒಪ್ಪಿದ. ರೆಕಾರ್ಡಿಂಗ್ ಮಾಡಿಸಲು ಬಂಪ್ಸ್ ಬ್ಲ್ಯಾಕ್‌ವೆಲ್ ಅವರನ್ನು ನ್ಯೂ ಆರ್ಲಿಯನ್ಸ್‌ಗೆ ಕಳಿಸಿದ. ಜಾಗ ಕೊಸಿಮೊ ಮಟಾಸಾ ಅವರ ಚಿಕ್ಕ ಸ್ಟುಡಿಯೋ. ಹೆಸರಾಂತ ಹಾಡುಗಾರ ಫ್ಯಾಟ್ಸ್ ಡಾಮಿನೊ ಜೊತೆ ನುಡಿಸುತ್ತಿದ್ದ ಪಳಗಿದ ಕೈಗಳೇ ಸುತ್ತಲೂ. ಡ್ರಮ್ಸ್‌ಗೆ ಪಾಮರ್, ಸ್ಯಾಕ್ಸೊಫೋನ್‌ಗೆ ಲೀ ಅಲೆನ್ ಮತ್ತು ಆಲ್ವಿನ್ ಟೈಲರ್, ಬೇಸ್‌ಗೆ ಫ್ರಾಂಕ್ ಫೀಲ್ಡ್ಸ್.

ಸೆಪ್ಟೆಂಬರ್ 13 ಮತ್ತು 14. ನಿಧಾನದ ಬ್ಲೂಸ್ ಹಾಡುಗಳನ್ನು ಹಾಡಿಸಿದರು. ಎಲ್ಲ ಸರಿಯಾಗಿದೆ, ಆದರೆ ಜೀವ ಇಲ್ಲ. ಮಾತಿಗೆ ಕೂತರೆ ಹುಲಿ, ಹಾಡಿಗೆ ನಿಂತರೆ ಸಂಕೋಚ. ಬೇಸತ್ತು ಹತ್ತಿರದ ಡ್ಯೂ ಡ್ರಾಪ್ ಇನ್ ಅನ್ನುವ ಕ್ಲಬ್‌ಗೆ ಊಟಕ್ಕೆ ಹೋದರು. ಅಲ್ಲಿ ಒಂದು ಪಿಯಾನೋ, ಎದುರಿಗೆ ಜನ. ರಿಚರ್ಡ್ ಕೂತವರೇ ಕ್ಲಬ್‌ಗಳಲ್ಲಿ ಹಾಡುತ್ತಿದ್ದ ಒಂದು ಪೋಲಿ ಹಾಡನ್ನು ಕುಟ್ಟಲು ಶುರು ಮಾಡಿದರು. ಬ್ಲ್ಯಾಕ್‌ವೆಲ್‌ಗೆ ಬೇಕಾಗಿದ್ದಿದ್ದು ಅದೇ. ಆದರೆ ಆ ಮಾತುಗಳನ್ನು 1955ರಲ್ಲಿ ಯಾವ ರೇಡಿಯೋದಲ್ಲೂ ಹಾಕುವ ಹಾಗಿರಲಿಲ್ಲ. ಡೊರೊಥಿ ಲಬಾಸ್ಟ್ರಿ ಅನ್ನುವ ಹಾಡು ಬರೆಯುವ ಹುಡುಗಿಯನ್ನು ಕರೆಸಿದರು. ಆಕೆಯ ಮುಂದೆ ಆ ಪದ್ಯ ಹೇಳಲು ರಿಚರ್ಡ್‌ಗೆ ನಾಚಿಕೆ. ಗೋಡೆಗೆ ಮುಖ ಮಾಡಿ ಹಾಡಿದರು ಅಂತ ಬ್ಲ್ಯಾಕ್‌ವೆಲ್ ಹೇಳಿದ್ದಾರೆ.

ಆಕೆ ಹೊಸ ಮಾತು ಬರೆದು ತರುವಷ್ಟರಲ್ಲಿ ಸ್ಟುಡಿಯೋ ಸಮಯ ಮುಗಿಯಲು ಕಾಲು ಗಂಟೆ ಬಾಕಿ. ಅಲ್ಲಿಯವರೆಗೆ ಪಿಯಾನೋ ನುಡಿಸುತ್ತಿದ್ದವರು ಹ್ಯೂಯಿ ಸ್ಮಿತ್. ಅವರಿಗೆ ಹೊಸ ಹಾಡು ಕಲಿಸಲು ಹೊತ್ತಿಲ್ಲ. ಹಾಗಾಗಿ ರಿಚರ್ಡ್ ಅವರನ್ನೇ ಪಿಯಾನೋ ಮುಂದೆ ಕೂರಿಸಿದರು. ಮೂರು ಟೇಕ್‌ನಲ್ಲಿ ಮುಗಿಯಿತು. ಸಮಯ ಇದ್ದಿದ್ದರೆ ಆ ಬಲಗೈ ಅವತ್ತು ರೆಕಾರ್ಡ್ ಆಗುತ್ತಲೇ ಇರಲಿಲ್ಲ, ಯೋಚಿಸಿ.

ಅಡ್ಡಗೋಡೆ ದೀಪ:
ಕಥೆ ಚೆನ್ನಾಗಿದೆ, ಆದರೆ ಇಂಥ ಕಥೆಗಳಲ್ಲಿ ಬ್ಲ್ಯಾಕ್‌ವೆಲ್ ಯಾವಾಗಲೂ ಬುದ್ಧಿವಂತ, ಉಳಿದವರು ಅದೃಷ್ಟವಂತರು. ಹೇಳಿದವರು ಯಾರು? ಬ್ಲ್ಯಾಕ್‌ವೆಲ್. ಲಬಾಸ್ಟ್ರಿ ಅವರನ್ನು ಕೇಳಿದರೆ ಹಾಡೇ ತನ್ನದು ಅನ್ನುತ್ತಿದ್ದರು. ಎಲ್ಲವನ್ನೂ ಅರ್ಧ ನಂಬಿ ಸಾಕು.

ಲೆಕ್ಕದ ಪುಸ್ತಕ:
ನೀವೆಲ್ಲ ಸಂಗೀತದ ಬಗ್ಗೆ ಮಾತಾಡಿ. ನನ್ನ ಹೊಟ್ಟೆಪಾಡು ಆಡಿಟಿಂಗ್, ನಾನು ದುಡ್ಡಿನ ಕಡೆ ನೋಡುತ್ತೇನೆ. ಆಗ "ಎರಡೇ ವರ್ಷ" ಅನ್ನುವುದಕ್ಕೆ ಬೇರೆ ಅರ್ಥ ಬರುತ್ತದೆ.

ಟೂಟಿ ಫ್ರೂಟಿ ಹಕ್ಕನ್ನು ಸ್ಪೆಷಾಲಿಟಿಯವರು 50 ಡಾಲರ್‌ಗೆ ತೆಗೆದುಕೊಂಡರು, ಒಂದು ರೆಕಾರ್ಡ್‌ಗೆ ಅರ್ಧ ಸೆಂಟ್ ಕೊಡುತ್ತಿದ್ದರು ಅನ್ನುವುದು ರಿಚರ್ಡ್ ಜೀವನಪೂರ್ತಿ ಹೇಳಿದ ದೂರು. ಅರ್ಧ ಸೆಂಟ್ ಲೆಕ್ಕದಲ್ಲಿ ಹತ್ತು ಲಕ್ಷ ರೆಕಾರ್ಡ್ ಮಾರಿದರೂ ಕೈಗೆ ಬರುವುದು 5,000 ಡಾಲರ್. ಹಾಡಿನ ಪ್ರಕಾಶನ ಹಕ್ಕು ಇದ್ದಿದ್ದು ವೆನಿಸ್ ಮ್ಯೂಸಿಕ್ ಅನ್ನುವ ಕಂಪನಿಯಲ್ಲಿ. ಅದೂ ರೂಪ್ ಅವರದೇ. ಒಂದು ಜೇಬಿಂದ ಇನ್ನೊಂದು ಜೇಬಿಗೆ.

ಇದರ ಮೇಲೆ ಪ್ಯಾಟ್ ಬೂನ್. ಬಿಳಿ ಹುಡುಗ, ಬಿಳಿ ಶೂ, ಅದೇ ಹಾಡನ್ನು ಇಸ್ತ್ರಿ ಮಾಡಿ ಹಾಡಿದರು. ಬಿಳಿಯರ ರೇಡಿಯೋ ಸ್ಟೇಷನ್‌ಗಳಿಗೆ ಅದೇ ಬೇಕಾಗಿತ್ತು. ಪಾಪ್ ಪಟ್ಟಿಯಲ್ಲಿ ರಿಚರ್ಡ್ ಹಾಡು 17ನೇ ಸ್ಥಾನ, ಬೂನ್ ಹಾಡು 12. ಈ ಪಟ್ಟಿಯನ್ನು ನೋಡಿಕೊಂಡು ರಿಚರ್ಡ್ ಮೊದಲ ಸ್ಥಾನಕ್ಕೆ ಹೋಗಲಿಲ್ಲ ಅನ್ನುವುದು ನ್ಯಾಯವಾ? ಕರಿಯರ ಸಂಗೀತದ ಪಟ್ಟಿ ಬೇರೆ ಇತ್ತು. ಅದರಲ್ಲಿ ಲಾಂಗ್ ಟಾಲ್ ಸ್ಯಾಲಿ ಮೊದಲ ಸ್ಥಾನದಲ್ಲೇ ಇತ್ತು.

ಚುರುಮುರಿ:
ಲಾಂಗ್ ಟಾಲ್ ಸ್ಯಾಲಿಯನ್ನು ಅಷ್ಟು ಸ್ಪೀಡಾಗಿ ಹಾಡಿದ್ದೇ ಬೂನ್ ಬಾಯಿಗೆ ಸಿಗಬಾರದು ಅಂತ ಅಲ್ವಾ?

ಲೆಕ್ಕದ ಪುಸ್ತಕ:
ಹೌದು, ಹಾಗಂತಾರೆ. ಬೂನ್ ಅದನ್ನೂ ಹಾಡಿದರು. ಆದರೆ ಈ ಸಲ ರಿಚರ್ಡ್ 6, ಬೂನ್ 8. ಕೇಳುವ ಹುಡುಗ ಹುಡುಗಿಯರಿಗೆ ಅಷ್ಟರಲ್ಲಿ ವ್ಯತ್ಯಾಸ ಗೊತ್ತಾಗಿತ್ತು.

ಅಟ್ಲಾಂಟಾ ಗೌಡ:
ನಾನಿರುವುದು ಅಟ್ಲಾಂಟಾದಲ್ಲಿ. ಅವರ ಊರು ಮೇಕನ್ ಇಲ್ಲಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ದಾರಿ. ಊರು ನೋಡಿದ ಮೇಲೆ ನನಗೆ ಅನ್ನಿಸಿದ್ದು, ಇವರ ವೃತ್ತಿಯನ್ನು 1955ರಿಂದ ಎಣಿಸುವುದೇ ತಪ್ಪು.

ರಿಚರ್ಡ್ ವೇಯ್ನ್ ಪೆನಿಮನ್ ಹುಟ್ಟಿದ್ದು 1932ರ ಡಿಸೆಂಬರ್ 5. ಹನ್ನೆರಡು ಮಕ್ಕಳ ಮನೆ. ಅಪ್ಪ ಚರ್ಚ್‌ನಲ್ಲಿ ಹಿರಿಯರು, ಜೊತೆಗೆ ಕಳ್ಳಸಾರಾಯಿ ವ್ಯಾಪಾರ, ಒಂದು ಕ್ಲಬ್ ಬೇರೆ. ಈ ಮನುಷ್ಯನ ಇಡೀ ಬದುಕು ಆ ಒಂದು ಮನೆಯಲ್ಲೇ ಇತ್ತು ಅನ್ನಿಸುತ್ತದೆ. 1947ರಲ್ಲಿ ಮೇಕನ್ ಸಿಟಿ ಆಡಿಟೋರಿಯಂನಲ್ಲಿ ಗಾಸ್ಪೆಲ್ ಹಾಡುಗಾರ್ತಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಕಚೇರಿ. ಹುಡುಗ ಅಲ್ಲಿ ಕೋಕಾ ಕೋಲಾ ಮಾರುತ್ತಿದ್ದ. ಕಚೇರಿಗೆ ಮುಂಚೆ ಆಕೆಯ ಹಾಡನ್ನೇ ಹಾಡುತ್ತಿದ್ದಿದ್ದು ಆಕೆಯ ಕಿವಿಗೆ ಬಿತ್ತು. ವೇದಿಕೆಗೆ ಕರೆದು ಹಾಡಿಸಿ ದುಡ್ಡೂ ಕೊಟ್ಟರು. ಹದಿನಾಲ್ಕು ವರ್ಷದ ಹುಡುಗನಿಗೆ ಇನ್ನೇನು ಬೇಕು?

ಆಮೇಲೆ ಊರೂರು ತಿರುಗಿ ಔಷಧಿ ಮಾರುವವರ ತಂಡದಲ್ಲಿ ಹಾಡಿದ. ಹೆಣ್ಣುವೇಷ ಹಾಕಿ ಪ್ರಿನ್ಸೆಸ್ ಲವೋನ್ ಅನ್ನುವ ಹೆಸರಲ್ಲಿ ಕುಣಿದ. ಬಿಲ್ಲಿ ರೈಟ್ ಅನ್ನುವ ಬ್ಲೂಸ್ ಹಾಡುಗಾರನಿಂದ ಎತ್ತರದ ಕೂದಲು, ಮೇಕಪ್ಪು, ತೆಳು ಮೀಸೆ ಕಲಿತ. ಎಸ್ಕೆರಿಟಾ ಅನ್ನುವವನಿಂದ ಪಿಯಾನೋ. ಅವನ ಪರಿಚಯ ಆಗಿದ್ದು ಮೇಕನ್‌ನ ಗ್ರೇಹೌಂಡ್ ಬಸ್ ಸ್ಟ್ಯಾಂಡ್‌ನಲ್ಲಿ. 1952ರಲ್ಲಿ ಅಪ್ಪನನ್ನು ಯಾರೋ ಗುಂಡು ಹೊಡೆದು ಕೊಂದರು. ಮನೆ ನಡೆಸಬೇಕಲ್ಲ, ಅದೇ ಬಸ್ ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಪಾತ್ರೆ ತೊಳೆದ. ಅಂದರೆ ನ್ಯೂ ಆರ್ಲಿಯನ್ಸ್‌ಗೆ ಹೋಗುವ ಹೊತ್ತಿಗೆ ಎಂಟು ವರ್ಷದ ಪಾಠ ಆಗಿತ್ತು.

ಇನ್ನೊಂದು ಸ್ವಾರಸ್ಯ. ಮೇಕನ್‌ನ ಕ್ಲಿಂಟ್ ಬ್ರಾಂಟ್ಲಿ ರಿಚರ್ಡ್‌ಗೂ ಮ್ಯಾನೇಜರ್, ಹಾಡುಗಾರ ಜೇಮ್ಸ್ ಬ್ರೌನ್‌ಗೂ ಮ್ಯಾನೇಜರ್. ಟೂಟಿ ಫ್ರೂಟಿ ಹಿಟ್ ಆಗಿ ರಿಚರ್ಡ್ ಹೊರಟುಹೋದಾಗ ಮೊದಲೇ ಒಪ್ಪಿಕೊಂಡಿದ್ದ ಕಾರ್ಯಕ್ರಮಗಳು ಉಳಿದವು. ಕೆಲವು ಕಡೆ ಜೇಮ್ಸ್ ಬ್ರೌನ್ ಅವರನ್ನೇ ಲಿಟಲ್ ರಿಚರ್ಡ್ ಅಂತ ನಿಲ್ಲಿಸಿದರು! ಹಾಡುಗಾರ ಓಟಿಸ್ ರೆಡ್ಡಿಂಗ್ ಬೆಳೆದಿದ್ದೂ ಇದೇ ಊರಲ್ಲಿ, ರಿಚರ್ಡ್ ಹಾಡುಗಳನ್ನು ಹಾಡಿಕೊಂಡೇ.

ಮಳೆಬಿಲ್ಲು:
ಎಲ್ಲರೂ ವೇಷ, ಮೇಕಪ್ಪು ಅಂತ ಹೇಳಿ ದಾಟಿಕೊಂಡು ಹೋಗುತ್ತಿದ್ದೀರಿ. ಅದು ಸುಮ್ನೆ ಅಲಂಕಾರ ಅಲ್ಲ. ಸಲಿಂಗಿಯಾಗಿದ್ದ ಕರಿಯ ಹುಡುಗ, ಐವತ್ತರ ದಶಕದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಾಗೆ ಓಡಾಡುವುದು ಅಂದರೆ ಏನು? ಚಿಕ್ಕಂದಿನಲ್ಲಿ ಅಪ್ಪನೇ ಮನೆಯಿಂದ ಆಚೆ ಹಾಕಿದ್ದರು. ಮೇಕಪ್ಪಿನ ಬಗ್ಗೆ ಅವರೇ ಒಂದು ಮಾತು ಹೇಳಿದ್ದಾರೆ. ತಾನು ಹೀಗೆ ಕಂಡರೆ ಬಿಳಿಯರು ತಮ್ಮ ಹುಡುಗಿಯರಿಗೆ ಅಪಾಯ ಅಂತ ಅಂದುಕೊಳ್ಳುವುದಿಲ್ಲ, ಕ್ಲಬ್ ಒಳಗೆ ಬಿಡುತ್ತಾರೆ ಅಂತ. ಕರಿಯ ಗಂಡಸೊಬ್ಬ ಬಿಳಿ ಹುಡುಗಿಯರ ಮುಂದೆ ಕುಣಿದರೆ ಪ್ರಾಣಕ್ಕೇ ಕುತ್ತು ಬರುತ್ತಿದ್ದ ಕಾಲ. ಆ ಸಭಾಂಗಣಗಳಲ್ಲಿ ಬಿಳಿಯರು, ಕರಿಯರು ಬೇರೆ ಬೇರೆ ಕೂರಬೇಕಿತ್ತು. ಇವರ ಹಾಡು ಮುಗಿಯುವಷ್ಟರಲ್ಲಿ ಎಲ್ಲರೂ ಒಟ್ಟಿಗೆ ಕುಣಿಯುತ್ತಿದ್ದರು.

ನನಗೆ ಬೇಜಾರು ಬೇರೆ. ಅವರು ಒಂದು ಕಾಲಕ್ಕೆ ತಾನು ಗೇ ಅಂತ ಧೈರ್ಯವಾಗಿ ಹೇಳಿದರು, ಇನ್ನೊಂದು ಕಾಲಕ್ಕೆ ಅದು ಪಾಪ ಅಂದರು. 2017ರಲ್ಲಿ ಕ್ರೈಸ್ತ ಟಿವಿಯಲ್ಲೂ ಹಾಗೇ ಮಾತಾಡಿದರು. ನನ್ನಂಥವರಿಗೆ ಅವರು ದಾರಿ ತೋರಿಸಿದವರೂ ಹೌದು, ಬಾಗಿಲು ಹಾಕಿದವರೂ ಹೌದು.

ಹಳೇ ರೇಡಿಯೋ:
ಮಳೆಬಿಲ್ಲು, ಹೇಳಿದ್ದು ಒಳ್ಳೆಯದಾಯಿತು. 1957ಕ್ಕೆ ಬರೋಣ. ಬಿಟ್ಟಿದ್ದು ಯಾಕೆ? ಭಕ್ತಿಯಾ, ದುಡ್ಡಿನ ಜಗಳವಾ?

ಅಡ್ಡಗೋಡೆ ದೀಪ:
ಎಲ್ಲರಿಗೂ ಗೊತ್ತಿರುವ ಕಥೆ ಇದು. ರಾಕ್ ಹಾಡುಗಾರರಾದ ಜೀನ್ ವಿನ್ಸೆಂಟ್, ಎಡ್ಡಿ ಕಾಕ್ರನ್ ಜೊತೆ ಆಸ್ಟ್ರೇಲಿಯಾ ಪ್ರವಾಸ. ಸಿಡ್ನಿಯಲ್ಲಿ ಹಾಡುವಾಗ ಆಕಾಶದಲ್ಲಿ ಬೆಂಕಿಯ ಉಂಡೆ ಕಂಡಿತು. ಅವತ್ತಿನ ದಿನಗಳಲ್ಲಿ ರಷ್ಯಾದವರು ಸ್ಪುಟ್ನಿಕ್ ಉಪಗ್ರಹ ಹಾರಿಸಿದ್ದರು, ಅಕ್ಟೋಬರ್ 4ಕ್ಕೆ. ರಿಚರ್ಡ್ ಅದನ್ನು ದೇವರ ಸೂಚನೆ ಅಂದುಕೊಂಡರು. ನಂಬಿಕೆ ನಿಜವಾ ಅಂತ ಒಬ್ಬ ಜೊತೆಗಾರ ಕೆಣಕಿದಾಗ ಬೆಲೆಬಾಳುವ ಉಂಗುರಗಳನ್ನು ತೆಗೆದು ನೀರಿಗೆ ಎಸೆದರು. ಪ್ರವಾಸ ಅರ್ಧಕ್ಕೆ ನಿಂತಿತು. ಆಮೇಲೆ ಅಲಬಾಮಾದ ಹಂಟ್ಸ್‌ವಿಲ್‌ನ ಓಕ್‌ವುಡ್ ಕಾಲೇಜಿನಲ್ಲಿ ಬೈಬಲ್ ಓದಲು ಸೇರಿದರು.

ನನ್ನ ಅಭಿಪ್ರಾಯ: ಬಿಟ್ಟಿದ್ದೇ ಅವರ ಹೆಸರು ಉಳಿಸಿತು. ಮುಂದಿನ ಎರಡು ವರ್ಷದಲ್ಲಿ ಉಳಿದ ರಾಕ್ ತಾರೆಯರ ಪಾಡು ನೋಡಿ. 1958ರಲ್ಲಿ ಎಲ್ವಿಸ್ ಸೈನ್ಯಕ್ಕೆ. ಅದೇ ವರ್ಷ ಜೆರ್ರಿ ಲೀ ಲೂಯಿಸ್ ಮದುವೆಯ ಗಲಾಟೆಯಲ್ಲಿ ಮುಳುಗಿದರು. 1959ರ ಫೆಬ್ರವರಿಯಲ್ಲಿ ಬಡ್ಡಿ ಹಾಲಿ ವಿಮಾನ ಬಿತ್ತು. ಡಿಸೆಂಬರ್‌ನಲ್ಲಿ ಚಕ್ ಬೆರಿ ಅರೆಸ್ಟ್. ರಿಚರ್ಡ್ ಇದ್ದಿದ್ದರೂ ಪೇಲವ ಹಾಡುಗಳನ್ನು ಹಾಡಿಕೊಂಡು ಸವೆದುಹೋಗುತ್ತಿದ್ದರು. ತುದಿಯಲ್ಲಿದ್ದಾಗಲೇ ಹೋದರು, ಆದ್ದರಿಂದ ಕೆಟ್ಟ ಕಾಲದ ರೆಕಾರ್ಡ್‌ಗಳೇ ಇಲ್ಲ.

ಲೆಕ್ಕದ ಪುಸ್ತಕ:
ಒಪ್ಪುವುದಿಲ್ಲ ಸರ್. ಹೆಸರು ಉಳಿಯಿತು, ದುಡ್ಡು ಹೋಯಿತು. ಸ್ಪೆಷಾಲಿಟಿ ಒಪ್ಪಂದದಿಂದ ಬಿಡಿಸಿಕೊಳ್ಳಲು ಆ ಹಾಡುಗಳ ರಾಯಲ್ಟಿಯನ್ನೇ ಬಿಟ್ಟುಕೊಡಬೇಕಾಯಿತು. ಜಗತ್ತೆಲ್ಲ ಹಾಡಿದ ಹಾಡುಗಳು ಅವು. ಬೀಟಲ್ಸ್ ಲಾಂಗ್ ಟಾಲ್ ಸ್ಯಾಲಿ ಹಾಡಿದಾಗ ಪಾಲು ಯಾರ ಕೈಗೆ ಹೋಯಿತು? 1984ರಲ್ಲಿ ಸ್ಪೆಷಾಲಿಟಿ ಮೇಲೆ, ವೆನಿಸ್ ಮ್ಯೂಸಿಕ್ ಮೇಲೆ, ಎಟಿವಿ ಮ್ಯೂಸಿಕ್ ಅನ್ನುವ ಇನ್ನೊಂದು ಪ್ರಕಾಶನ ಕಂಪನಿ ಮೇಲೆ 11.2 ಕೋಟಿ ಡಾಲರ್‌ಗೆ ದಾವೆ ಹಾಕಿದರು. ಕೋರ್ಟ್ ಹೊರಗೆ ರಾಜಿ ಆಯಿತು. ಅಷ್ಟು ಹೊತ್ತಿಗೆ ವಯಸ್ಸು ಐವತ್ತು ದಾಟಿತ್ತು. ಹೊಟ್ಟೆಪಾಡಿಗೆ ವೇದಿಕೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಅದಕ್ಕೇ ಅಷ್ಟು ವರ್ಷ ಹಾಡಿದರು ಅನ್ನುವುದು ನನ್ನ ಲೆಕ್ಕ. ನೀವು ಅದನ್ನು ಕೀರ್ತಿ ಅನ್ನುತ್ತೀರಿ.

ಅಟ್ಲಾಂಟಾ ಗೌಡ:
ಲೆಕ್ಕದ ಪುಸ್ತಕ ಮೇಡಂ ಹೇಳಿದ್ದು ಸರಿ. ಆದರೆ ಬರೀ ಹೊಟ್ಟೆಪಾಡು ಅಂದರೆ 1962 ಅರ್ಥವಾಗುವುದಿಲ್ಲ. ಇಂಗ್ಲೆಂಡ್ ಪ್ರವಾಸಕ್ಕೆ ಅವರು ಗಾಸ್ಪೆಲ್ ಹಾಡಲು ಅಂತ ಹೋದರು. ಜೊತೆಗೆ ಆರ್ಗನ್ ನುಡಿಸಲು ಹದಿನಾರು ವರ್ಷದ ಬಿಲ್ಲಿ ಪ್ರೆಸ್ಟನ್. ಏರ್ಪಾಡು ಮಾಡಿದ ಡಾನ್ ಆರ್ಡನ್ ಮಾತ್ರ ರಾಕ್ ಅಂಡ್ ರೋಲ್ ಅಂತಲೇ ಪ್ರಚಾರ ಮಾಡಿದ್ದ. ಡಾನ್ಕಾಸ್ಟರ್‌ನಲ್ಲಿ ಮೊದಲ ಪ್ರದರ್ಶನ, ದೇವರ ಹಾಡು. ಜನ ತಣ್ಣಗೆ ಕೂತರು. ಅದೇ ರಾತ್ರಿ ಜೊತೆಗಿದ್ದ ಹಾಡುಗಾರ ಸ್ಯಾಮ್ ಕುಕ್ ಬಂದು ಹಾಡಿದರು, ಚಪ್ಪಾಳೆಯೋ ಚಪ್ಪಾಳೆ. ರಿಚರ್ಡ್ ಅದನ್ನು ನೋಡಿದರು. ಮುಂದಿನ ಸರದಿಯಲ್ಲಿ ಹಳೇ ಹಾಡು ಎತ್ತಿಕೊಂಡರು, ಜನ ಕುರ್ಚಿ ಬಿಟ್ಟು ಎದ್ದರು. ಯಾವ ಹಾಡು ಹಾಡಿದರೂ ಒಪ್ಪಂದದ ದುಡ್ಡು ಅಷ್ಟೇ ಇತ್ತು. ಇನ್ನೊಬ್ಬ ತನಗಿಂತ ಜಾಸ್ತಿ ಚಪ್ಪಾಳೆ ತೆಗೆದುಕೊಳ್ಳುವುದನ್ನು ಸಹಿಸುವ ಮನುಷ್ಯನಲ್ಲ ಅವರು.

ಆ ಅಕ್ಟೋಬರ್‌ನಲ್ಲೇ ನ್ಯೂ ಬ್ರೈಟನ್‌ನಲ್ಲಿ ಅವರಿಗಿಂತ ಮೊದಲು ಹಾಡಿದ ಹುಡುಗರ ತಂಡ ಬೀಟಲ್ಸ್. ಆಮೇಲೆ ಹ್ಯಾಂಬರ್ಗ್‌ನ ಸ್ಟಾರ್ ಕ್ಲಬ್‌ನಲ್ಲೂ ಜೊತೆಗಿದ್ದರು. 1963ರ ಪ್ರವಾಸದಲ್ಲಿ ರೋಲಿಂಗ್ ಸ್ಟೋನ್ಸ್. 1964–65ರಲ್ಲಿ ಅವರ ತಂಡದ ಗಿಟಾರ್ ಹುಡುಗ ಜಿಮಿ ಹೆಂಡ್ರಿಕ್ಸ್. ಹಿಟ್ ಇಲ್ಲದ ವರ್ಷಗಳೇ ಇವೆಲ್ಲ!

ಚುರುಮುರಿ:
ನಮ್ಮ ದೇಶದ ನಂಟೂ ಒಂದಿದೆ ಸರ್. ಬ್ರಿಟನ್ನಿನ ಕ್ಲಿಫ್ ರಿಚರ್ಡ್ ಹುಟ್ಟಿದ್ದು 1940ರಲ್ಲಿ ಲಖನೌದಲ್ಲಿ. ಹುಟ್ಟಿದ ಹೆಸರು ಹ್ಯಾರಿ ವೆಬ್. ಸ್ಟೇಜ್ ಹೆಸರಿನ ಆ "ರಿಚರ್ಡ್" ಲಿಟಲ್ ರಿಚರ್ಡ್ ಮೇಲಿನ ಅಭಿಮಾನದಿಂದ ಬಂದಿದ್ದು.

ಮಳೆಬಿಲ್ಲು:
1988ರ ಗ್ರ್ಯಾಮಿ ಸಮಾರಂಭದ ವಿಡಿಯೋ ನೋಡಿ, ನಗು ಬರುತ್ತದೆ, ಆಮೇಲೆ ಯೋಚನೆಯೂ ಬರುತ್ತದೆ. ಹೊಸ ಕಲಾವಿದರ ಪ್ರಶಸ್ತಿ ಘೋಷಿಸಲು ಕರೆದಿದ್ದರು. ಲಕೋಟೆ ತೆಗೆದು, ಗೆದ್ದಿರುವುದು ನಾನೇ ಅಂದರು. ಇಷ್ಟು ವರ್ಷ ಹಾಡಿದ ತನಗೆ ಒಂದು ಗ್ರ್ಯಾಮಿಯನ್ನೂ ಕೊಡಲಿಲ್ಲ ಅಂತ ಎಲ್ಲರ ಎದುರೇ ಹೇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಜೀವಮಾನ ಸಾಧನೆಗೆ ಅಂತ ಕೊಟ್ಟಿದ್ದು 1993ರಲ್ಲಿ.

ಅಡ್ಡಗೋಡೆ ದೀಪ:
ಅದೇ ಸಮಸ್ಯೆ. ಎಂಬತ್ತರ ದಶಕದ ನಂತರ ಅವರು ಹಾಡುಗಾರರಿಗಿಂತ ಜಾಸ್ತಿ "ಎಲ್ಲ ಶುರು ಮಾಡಿದ್ದು ನಾನೇ" ಅನ್ನುವ ಮಾತುಗಾರರಾದರು. ಪೂರ್ತಿ ನಿಜವೂ ಅಲ್ಲ. ಫ್ಯಾಟ್ಸ್ ಡಾಮಿನೊ ಮೊದಲೇ ಇದ್ದರು. ರೊಸೆಟ್ಟಾ ಥಾರ್ಪ್ ಅದಕ್ಕೂ ಮೊದಲು.

ತಾಳವಾದಿ:
ಯಾರೂ ಹೇಳದಿದ್ದಾಗ ತಾನೇ ಹೇಳಿಕೊಳ್ಳಬೇಕಾಗುತ್ತದೆ ದೀಪ ಅವರೇ. ಇರಲಿ, ಜಗಳ ಬಿಡಿ, ಒಂದು ಹಾಡು ಕೇಳಿ. 1957ರ ಕೀಪ್ ಎ ನಾಕಿನ್. ಇದು ಪ್ರವಾಸದ ತಂಡದ ಜೊತೆಯೇ ರೆಕಾರ್ಡ್ ಮಾಡಿದ್ದು, ಡ್ರಮ್ಸ್‌ಗೆ ಚಾರ್ಲ್ಸ್ ಕಾನರ್. ಟೇಪ್‌ನಲ್ಲಿ ಸಿಕ್ಕಿದ್ದು ಒಂದು ನಿಮಿಷಕ್ಕೂ ಕಡಿಮೆ. ಕಂಪನಿಗೆ ಹೊಸ ಹಾಡು ಬೇಕು. ಟೇಪನ್ನು ಕತ್ತರಿಸಿ, ಅದೇ ತುಂಡುಗಳನ್ನು ಮತ್ತೆ ಮತ್ತೆ ಅಂಟಿಸಿ ಎರಡು ನಿಮಿಷಕ್ಕೆ ಎಳೆದರು. ಹಾಗೇ ಹಿಟ್ ಆಯಿತು. ಶುರುವಿನಲ್ಲಿ ಡ್ರಮ್ಸ್ ಒಂಟಿಯಾಗಿ ಬರುತ್ತದಲ್ಲ, ಅದನ್ನೇ 1971ರಲ್ಲಿ ಲೆಡ್ ಜೆಪ್ಪೆಲಿನ್‌ನ ಜಾನ್ ಬಾನಮ್ ತಮ್ಮ ರಾಕ್ ಅಂಡ್ ರೋಲ್ ಹಾಡಿನ ಶುರುವಿಗೆ ಎತ್ತಿಕೊಂಡರು. ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಲೆಕ್ಕದ ಪುಸ್ತಕ:
ಒಂದು ನಿಮಿಷ ಹಾಡಿಸಿ ಎರಡು ನಿಮಿಷ ಮಾರಿದ್ದಾರೆ. ರಾಯಲ್ಟಿ ಮಾತ್ರ ಅರ್ಧ ಸೆಂಟೇ ಅಲ್ವಾ ಸರ್?